ಪೊದೆಕಾಡಿಗೆ ಗಿಡ್ಡ ರೈಫಲ್: ನಳಿಕೆ ಎಷ್ಟು ಇಂಚು ಇಟ್ಟುಕೊಳ್ಳಬೇಕು?

ಪೊದೆಹಾದಿ

ಬೋಲ್ಟ್ ಆಕ್ಷನ್ ಬೇಟೆ ರೈಫಲ್‌ಗೆ ನಳಿಕೆಯ ಉದ್ದ ನಿಗದಿ ಮಾಡಬೇಕಿದೆ. ಬಳಕೆ ಹೀಗಿದೆ: ಒತ್ತೊತ್ತಾದ ಪೊದೆಯಲ್ಲಿ ನಡೆದು ಮಾಡುವ ಬೇಟೆ, ನಡುನಡುವೆ ಅಟ್ಟಣೆ. ಈಡು ಬಹುಪಾಲು 150 ಮೀಟರ್ ಒಳಗೆ, ಬಯಲಿಗೆ ಬಂದರೆ ಹೆಚ್ಚೆಂದರೆ 250. ಪ್ರಾಣಿ 60ರಿಂದ 120 ಕೆ.ಜಿ.ವರೆಗಿನ ಜಿಂಕೆ, ಹಂದಿ. ತೋಟಾ .308 ವಿಂಚೆಸ್ಟರ್ ಎಂದುಕೊಂಡಿದ್ದೇನೆ. 6.5 ಕ್ರೀಡ್‌ಮೂರ್ ಕೂಡ ಆಗಬಹುದು. 7 ಎಂಎಂ ರೆಮಿಂಗ್‌ಟನ್ ಮ್ಯಾಗ್ನಮ್ಮನ್ನೇ ಗಿಡ್ಡ ನಳಿಕೆಯಲ್ಲಿ ತೆಗೆದುಕೊಳ್ಳಿ ಎನ್ನುವವರೂ ಇದ್ದಾರೆ.

ಮುಂದಿರುವ ಆಯ್ಕೆ 16.5, 18, 20, 22 ಇಂಚು. ಸೈಲೆನ್ಸರ್ ಹಾಕಲು ಕಾನೂನಿನ ಅಡ್ಡಿ ಇಲ್ಲ, ಹಾಕಬೇಕೋ ಬೇಡವೋ ಇನ್ನೂ ಗೊತ್ತುಮಾಡಿಲ್ಲ. ಒಂದೊಂದು ಇಂಚಿಗೆ ಏನು ಹೋಗುತ್ತದೆ, ಏನು ಸಿಗುತ್ತದೆ ಎಂದು ಅಂಕಿ ಸಮೇತ ಹೇಳಿದರೆ ಉಪಕಾರ.

ಮದ್ದುಲೆಕ್ಕ

ಮೊದಲು ವೇಗದ ಮಾತು, ಏಕೆಂದರೆ ಎಲ್ಲರೂ ಹೆದರುವುದು ಅದಕ್ಕೇ.

ಗುಂಡು ಜಾಗ ಬಿಟ್ಟು ಎರಡು ಮೂರು ಇಂಚು ಸಾಗುವಷ್ಟರಲ್ಲಿ ಒತ್ತಡ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಅಲ್ಲಿಂದ ಮುಂದಿನ ನಳಿಕೆಯ ಕೆಲಸ ಹುಟ್ಟಿದ ಅನಿಲ ಹಿಗ್ಗುತ್ತಾ ಗುಂಡನ್ನು ತಳ್ಳಲು ಜಾಗ ಕೊಡುವುದು. ಹಾಗಾಗಿ ನೋಡಬೇಕಾದ್ದು ಬರೀ ಇಂಚಲ್ಲ. ತೋಟಾದ ಹೊಟ್ಟೆಗೆ ಹೋಲಿಸಿದರೆ ನಳಿಕೆಯ ಒಳಜಾಗ ಎಷ್ಟು ಪಟ್ಟು ಎಂಬುದು ಮುಖ್ಯ.

20 ಇಂಚಿನ ನಳಿಕೆಯಲ್ಲೇ ಲೆಕ್ಕ ಹಾಕಿ. .308ರ ಚಿಪ್ಪಿನ ಒಳಗಾತ್ರ 3.64 ಘನ ಸೆಂ.ಮೀ. ಗುಂಡು ಓಡುವ ದೂರ ಸುಮಾರು 460 ಮಿ.ಮೀ., ಕೊಳವೆಯ ಅಡ್ಡಕೊಯ್ತ 47 ಚದರ ಮಿ.ಮೀ. ಎಂದರೆ ನಳಿಕೆಯ ಒಳಜಾಗ 21.6 ಘನ ಸೆಂ.ಮೀ. ಒಟ್ಟು ಹಿಗ್ಗುವಿಕೆ ಹತ್ತಿರ ಹತ್ತಿರ 7 ಪಟ್ಟು. ಅದೇ 7 ಎಂಎಂ ಮ್ಯಾಗ್ನಮ್‌ನ ಚಿಪ್ಪು 5.36 ಘನ ಸೆಂ.ಮೀ., ಕೊಳವೆ ಇನ್ನೂ ಸಣ್ಣದು, ಒಳಜಾಗ 18ರ ಸುತ್ತ. ಹಿಗ್ಗುವಿಕೆ 4.3 ಪಟ್ಟು ಮಾತ್ರ. 6.5 ಕ್ರೀಡ್‌ಮೂರ್ ಇವೆರಡರ ನಡುವೆ, ಐದೂವರೆಯ ಆಸುಪಾಸು. ಈ ಸಂಖ್ಯೆ ಕಡಿಮೆ ಇದ್ದಷ್ಟೂ ಒಂದು ಇಂಚು ಕತ್ತರಿಸಿದಾಗ ಹೋಗುವ ವೇಗ ಜಾಸ್ತಿ.

ಕೈಗೆ ಬರುವ ಫಲ ಹೀಗೆ: .308ಕ್ಕೂ 6.5 ಕ್ರೀಡ್‌ಮೂರ್‌ಗೂ ಇಂಚಿಗೆ ಸೆಕೆಂಡಿಗೆ 6ರಿಂದ 8 ಮೀಟರ್ ಇಳಿತ. .243ಕ್ಕೆ 8–9. 7 ಎಂಎಂ ಮ್ಯಾಗ್ನಮ್‌ಗೆ 9ರಿಂದ 12. ಇವು 16ರಿಂದ 24 ಇಂಚಿನ ನಡುವಿನ ಸರಾಸರಿ. ಕೆಳಕ್ಕೆ ಹೋದಂತೆ ಇಳಿತ ಚುರುಕಾಗುತ್ತದೆ, 22ರಿಂದ 20ಕ್ಕೆ ಇಳಿದಾಗ ಕಳೆದುಕೊಳ್ಳುವುದಕ್ಕಿಂತ 18ರಿಂದ 16ಕ್ಕೆ ಇಳಿದಾಗ ಹೆಚ್ಚು ಕಳೆದುಕೊಳ್ಳುತ್ತೀರಿ.

ತೋಟಾ ಪೆಟ್ಟಿಗೆಯ ಮೇಲೆ ಅಚ್ಚಾದ ವೇಗ ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಕೆಯದು, ಯುರೋಪಿನ ತಯಾರಿಯಾದರೆ 600 ಮಿ.ಮೀ. ಅದನ್ನೇ ನಿಮ್ಮ 18 ಇಂಚಿನ ರೈಫಲ್‌ಗೆ ಹಾಕಿ ಕುಸಿತದ (ಗುಂಡು ದೂರಕ್ಕೆ ಎಷ್ಟು ಕೆಳಗಿಳಿಯುತ್ತದೆ ಎಂಬ) ಪಟ್ಟಿ ಮಾಡಿಕೊಳ್ಳಬೇಡಿ.

ಕವೆಗೋಲು

ವೇಗಕ್ಕಿಂತ ಮೊದಲು ಒಟ್ಟು ಉದ್ದ ಬರೆದುಕೊಳ್ಳಿ. ಪೊದೆಗೆ ಸಿಕ್ಕಿಹಾಕಿಕೊಳ್ಳುವುದು ಇಡೀ ಕೋವಿ. ನಳಿಕೆ ಅದರ ಒಂದು ಭಾಗ ಅಷ್ಟೇ.

ಸಾಮಾನ್ಯ ಬೋಲ್ಟ್ ರೈಫಲ್‌ನಲ್ಲಿ ಬಟ್ಟಿನ (ಹೆಗಲಿಗೆ ಒತ್ತುವ ಹಿಂಬದಿಯ) ತುದಿಯಿಂದ ಬೋಲ್ಟಿನ ಮುಖದವರೆಗೆ (ತೋಟಾದ ಬುಡ ತಾಗುವ ಜಾಗ) ಸುಮಾರು 51 ಸೆಂ.ಮೀ. ಆಗುತ್ತದೆ. ಅದಕ್ಕೆ ನಳಿಕೆ ಸೇರಿಸಿ:

16.5 ಇಂಚು: 93 ಸೆಂ.ಮೀ.
18 ಇಂಚು: 97
20 ಇಂಚು: 102
22 ಇಂಚು: 107
24 ಇಂಚು: 112

ಈಗ 18 ಸೆಂ.ಮೀ. ಸೈಲೆನ್ಸರ್ ತಿರುಗಿಸಿ. 16.5 ಇಂಚಿನದು 111 ಆಯಿತು, ಅಂದರೆ ಬರಿಯ 24 ಇಂಚಿನ ಕೋವಿಯಷ್ಟೇ. 20 ಇಂಚಿನದು 120. ಪೊದೆಯಲ್ಲಿ ಅದನ್ನು ಹಿಡಿದು ತಿರುಗುವುದು ಉದ್ದ ಕೋಲು ಹೊತ್ತು ಬಾಗಿಲಲ್ಲಿ ನುಗ್ಗಿದ ಹಾಗೆ. ಆದ್ದರಿಂದ ಸೈಲೆನ್ಸರ್ ಹೌದೋ ಅಲ್ಲವೋ ಎನ್ನುವುದು ಮೊದಲ ತೀರ್ಮಾನ, ನಳಿಕೆ ಎರಡನೆಯದು. ನೀವು ಅದನ್ನು ಕೊನೆಗೆ ಇಟ್ಟುಕೊಂಡಿದ್ದೀರಿ.

ಅಮೆರಿಕದ ಬಂದೂಕು ಬರಹಗಾರ ಜೆಫ್ ಕೂಪರ್ ಸ್ಕೌಟ್ ರೈಫಲ್‌ಗೆ (ಹೊತ್ತು ತಿರುಗಲು ಹಗುರವಾದ, ಎಲ್ಲ ಕೆಲಸದ ರೈಫಲ್) ಹಾಕಿದ ಮಿತಿ ಒಟ್ಟು ಉದ್ದ ಒಂದು ಮೀಟರ್, ತೂಕ 3 ಕೆ.ಜಿ. ಮೇಲಿನ ಪಟ್ಟಿಯಲ್ಲಿ ಒಂದು ಮೀಟರ್ ಬೀಳುವುದು 19 ಇಂಚಿನ ಹತ್ತಿರ. ಆ ಮಿತಿ ಸುಮ್ಮನೆ ಬಂದದ್ದಲ್ಲ. ಹೆಗಲಿಗೆ ತೂಗಹಾಕಿದಾಗ ಮೂತಿ ತಲೆಗಿಂತ ಬಹಳ ಮೇಲೆ ಹೋಗದೆ ಕೊಂಬೆಗಳಿಂದ ತಪ್ಪಿಸಿಕೊಳ್ಳುವ ಉದ್ದ ಅದು.

ಉದ್ದ ಉಳಿಸಲು ಬಟ್ಟನ್ನು ಮಾತ್ರ ಕತ್ತರಿಸಬೇಡಿ. ಕುದುರೆಯಿಂದ (ಟ್ರಿಗರ್) ಬಟ್ಟಿನ ತುದಿಗೆ ನಿಮ್ಮ ಕೈಗೆ 34–35 ಸೆಂ.ಮೀ. ಬೇಕಿದ್ದರೆ ಅದು ಬೇಕೇ ಬೇಕು. ಗಿಡ್ಡ ಬಟ್ಟು ಎಂದರೆ ಸ್ಕೋಪಿನ ಅಂಚು ಹುಬ್ಬಿಗೆ ಬಡಿಯುವ ದಾರಿ.

ಅಟ್ಟಣೆ

ಇಲ್ಲಿಯವರೆಗೆ ಯಾರೂ ಸದ್ದಿನ ಹೆಸರೆತ್ತಿಲ್ಲ. ಗಿಡ್ಡ ನಳಿಕೆಗೆ ನಿಜವಾಗಿ ತೆರುವ ಬೆಲೆ ವೇಗವಲ್ಲ, ಮೂತಿಯ ಅಬ್ಬರ.

.308ನಲ್ಲಿ 24 ಇಂಚಿಗೆ ಗುಂಡು ಹೊರಬೀಳುವಾಗ ಇರುವ ಅನಿಲದ ಒತ್ತಡಕ್ಕಿಂತ 16 ಇಂಚಿಗೆ ಇರುವ ಒತ್ತಡ ಒಂದೂವರೆ ಪಟ್ಟಿನ ಆಸುಪಾಸು. ಅದರ ಜೊತೆಗೆ ಮೂತಿ ನಿಮ್ಮ ಕಿವಿಗೆ 20 ಸೆಂ.ಮೀ. ಹತ್ತಿರ ಬಂದಿರುತ್ತದೆ. ಯಾವ ದೊಡ್ಡ ರೈಫಲ್ ಆದರೂ 155ರಿಂದ 170 ಡೆಸಿಬೆಲ್ ಸಿಡಿಯುತ್ತದೆ, ಕಿವಿಗೆ ಕುತ್ತು 140ಕ್ಕೇ ಶುರು. ಕಿವಿ ಮುಚ್ಚದೆ 16 ಇಂಚಿನ .308 ಹೊಡೆಯುವುದು ಯಾರೂ ಮಾಡಬಾರದ ಕೆಲಸ. ಒಂದೇ ಈಡಿಗೆ ಹೋದ ಕೇಳಿಸುವಿಕೆ ಮರಳಿ ಬಾರದೆ ಇರಬಹುದು.

ಅಟ್ಟಣೆಯಲ್ಲಿ, ನಾಲ್ಕು ಕಡೆ ಹಲಗೆ ಹೊಡೆದ ಮರೆಯಲ್ಲಿ ಇದು ಇನ್ನೂ ಕೆಟ್ಟದ್ದು. ಕಿಂಡಿಯ ಚೌಕಟ್ಟಿನ ಮೇಲೆ ಕೋವಿಯ ಮುಂಗೈ (ನಳಿಕೆಯ ಕೆಳಗಿನ ಹಿಡಿ) ಇಟ್ಟಾಗ 22 ಇಂಚಿನ ಮೂತಿ ಆಚೆ ಚಾಚಿರುತ್ತದೆ. 16 ಇಂಚಿನದು ಕಿಂಡಿಯ ಒಳಗೇ ಉಳಿಯಬಹುದು. ಆಗ ಅಬ್ಬರವೆಲ್ಲ ಹಲಗೆಗೆ ಬಡಿದು ಒಳಕ್ಕೇ ತಿರುಗುತ್ತದೆ, ಧೂಳೆದ್ದು ಎರಡನೇ ಈಡಿಗೆ ಗುರಿಯೇ ಕಾಣುವುದಿಲ್ಲ. ಪಕ್ಕದಲ್ಲಿ ಕೂತವರ ಗತಿ ಇನ್ನೂ ಕಷ್ಟ. ಅಟ್ಟಣೆ ಬಳಸುವವರು ನಳಿಕೆ ತೀರ್ಮಾನಿಸುವ ಮುನ್ನ ಕಿಂಡಿಯ ದಪ್ಪ, ಕೂರುವ ಜಾಗದಿಂದ ಕಿಂಡಿಗೆ ಇರುವ ದೂರ ಅಳೆಯಿರಿ. ಮೂತಿ ಕನಿಷ್ಠ ಒಂದು ಗೇಣು ಆಚೆ ಇರಬೇಕು.

ಇನ್ನೊಂದು: ಮಝಲ್ ಬ್ರೇಕ್ ಹಾಕಿ ಸರಿಮಾಡುತ್ತೇನೆ ಎನ್ನಬೇಡಿ. ಅದು ಒದೆತ ಕಡಿಮೆ ಮಾಡುತ್ತದೆ ನಿಜ, ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸಿಯೇ ಅದನ್ನು ಮಾಡುವುದು. ಗಿಡ್ಡ ನಳಿಕೆ, ಬ್ರೇಕ್ ಎರಡೂ ಸೇರಿದ ಕೋವಿಯನ್ನು ನಾಯಿ ಜೊತೆಗಿಟ್ಟುಕೊಂಡು ಬೇಟೆಯಾಡುವವರು ಮುಟ್ಟಲೇಬಾರದು.

ಪೊದೆಹಾದಿ

ಕಿಂಡಿಯ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಮದ್ದುಲೆಕ್ಕ ಸರ್, ಇಂಚಿಗೆ 7 ಮೀಟರ್ ಇಳಿತ ಅಂದಿರಿ. ಅದು ಪ್ರಾಣಿಯ ಮೈಯಲ್ಲಿ ಏನಾಗಿ ಕಾಣುತ್ತದೆ? 250 ಮೀಟರ್‌ನಲ್ಲಿ ಸೀಸದ ಗುಂಡಿಗೂ ತಾಮ್ರದ ಗುಂಡಿಗೂ ವ್ಯತ್ಯಾಸವಿದೆಯೇ?

ಮದ್ದುಲೆಕ್ಕ

ಇದೇ ಕೇಳಬೇಕಾದ ಪ್ರಶ್ನೆ. ಗುಂಡು ಮೈಹೊಕ್ಕಾಗ ಅಣಬೆಯಂತೆ ಅರಳಬೇಕು. ಅರಳಲು ಒಂದು ಕನಿಷ್ಠ ವೇಗ ಬೇಕು. ಮೆತ್ತನೆಯ ಸೀಸದ ಮೂತಿಯ ಗುಂಡುಗಳಿಗೆ ಸೆಕೆಂಡಿಗೆ 550 ಮೀಟರ್ ಸುತ್ತಮುತ್ತ, ಇಡೀ ತಾಮ್ರದ ಗುಂಡುಗಳಿಗೆ 600 ಎಂದು ಇಟ್ಟುಕೊಂಡರೆ ಸುರಕ್ಷಿತ. ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಅಂಕಿ ಹಿಡಿಯಿರಿ. ಕನಿಷ್ಠಕ್ಕಿಂತ ಕೆಳಗೆ ಬಂದ ಗುಂಡು ಪೆನ್ಸಿಲ್ ಚುಚ್ಚಿದಂತೆ ಸಣ್ಣ ತೂತು ಮಾಡಿ ಹೋಗುತ್ತದೆ. ಪ್ರಾಣಿ ಗಾಯಗೊಂಡು ಬಹುದೂರ ಓಡುತ್ತದೆ, ರಕ್ತದ ಜಾಡೂ ಸಿಗುವುದಿಲ್ಲ. ನಳಿಕೆಯ ಉದ್ದದ ಚರ್ಚೆ ಕೊನೆಗೆ ಬಂದು ನಿಲ್ಲಬೇಕಾದ್ದು ಇಲ್ಲೇ.

.308, 150 ಗ್ರೇನ್ (9.7 ಗ್ರಾಂ), ಬಿ.ಸಿ. (ಗಾಳಿಯನ್ನು ಸೀಳಿ ವೇಗ ಉಳಿಸಿಕೊಳ್ಳುವ ಗುಣದ ಅಂಕ, ಹೆಚ್ಚಿದ್ದಷ್ಟೂ ಒಳ್ಳೆಯದು) 0.314 ಇರುವ ಸಾದಾ ಸೀಸದ ಮೂತಿಯ ಗುಂಡು ತೆಗೆದುಕೊಳ್ಳಿ. 24 ಇಂಚಿನಿಂದ ಸೆಕೆಂಡಿಗೆ 860 ಮೀಟರ್ ವೇಗದಲ್ಲಿ ಹೊರಡುತ್ತದೆ. 91 ಮೀಟರ್‌ನಲ್ಲಿ 772, 183ರಲ್ಲಿ 690, 274ರಲ್ಲಿ 612, 366ರಲ್ಲಿ 541. ಅಂದರೆ ಸಾಗಿದ ಪ್ರತಿ ಮೀಟರಿಗೆ ಒಂದಿಷ್ಟು ಕಡಿಮೆ ಒಂದು ಮೀಟರ್ ವೇಗ ಕರಗುತ್ತದೆ. 16.5 ಇಂಚಿಗೆ ಇಳಿದರೆ ಹೊರಡುವ ವೇಗ ಸುಮಾರು 810. ಆ 50 ಮೀಟರ್ ವೇಗ ಎಂದರೆ ಪ್ರಾಣಿ 52 ಮೀಟರ್ ಹೆಚ್ಚು ದೂರ ನಿಂತ ಹಾಗೆ, ಅಷ್ಟೇ.

550 ವೇಗ ಉಳಿಯುವ ದೂರ: 24 ಇಂಚಿಗೆ 354 ಮೀಟರ್, 20ಕ್ಕೆ 326, 18ಕ್ಕೆ 313, 16.5ಕ್ಕೆ 302.
600 ವೇಗ ಉಳಿಯುವ ದೂರ: 24 ಇಂಚಿಗೆ 290, 20ಕ್ಕೆ 262, 18ಕ್ಕೆ 249, 16.5ಕ್ಕೆ 238.

ನಿಮ್ಮ ಮಿತಿ 250. ಸೀಸದ ಗುಂಡಾದರೆ ನಾಲ್ಕೂ ಉದ್ದ ಸಾಕು. 600 ಬೇಡುವ ಗುಂಡಾದರೆ, ಈ ಬಿ.ಸಿ. ಇಟ್ಟುಕೊಂಡು, 20 ಇಂಚು ಸಾಕು, 18 ಅಂಚಿನಲ್ಲಿ, 16.5 ಸಾಲದು.

ಕುಸಿತದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 100 ಮೀಟರಿಗೆ ಗುರಿ ಕೂಡಿಸಿದ್ದರೆ 200ರಲ್ಲಿ 24 ಇಂಚಿಗೂ 16.5ಕ್ಕೂ ಇರುವ ವ್ಯತ್ಯಾಸ 3 ಸೆಂ.ಮೀ. ಒಳಗೆ.

ಗುರಿಗೆರೆ

ಲೆಕ್ಕ ಸರಿ, ಆದರೆ ತಾಮ್ರದ ಗುಂಡಿಗೆ 0.31 ಬಿ.ಸಿ. ಹಚ್ಚಿದ್ದು ಅನ್ಯಾಯವಾಯಿತು. ಚೂಪು ಮೂತಿಯ 150 ಗ್ರೇನ್ ಗುಂಡುಗಳಿಗೆ 0.40 ಸುಲಭವಾಗಿ ಸಿಗುತ್ತದೆ. ವೇಗ ಕರಗುವ ದೂರ ಬಿ.ಸಿ.ಯ ಅನುಪಾತದಲ್ಲೇ ಹಿಗ್ಗುತ್ತದೆ: 238 ಮೀಟರನ್ನು 0.40ರಿಂದ ಗುಣಿಸಿ 0.314ರಿಂದ ಭಾಗಿಸಿ, 303 ಬರುತ್ತದೆ. 16.5 ಇಂಚಿನಲ್ಲೇ 300 ಮೀಟರ್ ತಾಮ್ರದ ಗುಂಡಿಗೆ ಸಿಕ್ಕಿತು.

ಗಮನಿಸಿ: ಏಳೂವರೆ ಇಂಚು ನಳಿಕೆ ಕೊಟ್ಟದ್ದು 52 ಮೀಟರ್, ಗುಂಡಿನ ಆಕಾರ ಕೊಟ್ಟದ್ದು 65.

ಮದ್ದುಲೆಕ್ಕ

ಒಪ್ಪಿದೆ. ಮೇಲಿನ 600ರ ಸಾಲನ್ನು ಮೊಂಡುಮೂತಿಯ ಗುಂಡಿನ ಲೆಕ್ಕ ಎಂದೇ ಓದಿಕೊಳ್ಳಿ.

ಲೇತ್‌ಮನೆ

ಅಳತೆಯಿಂದ ಶುರುಮಾಡೋಣ, ಬಹಳ ಜನ ಇಲ್ಲೇ ತಪ್ಪುತ್ತಾರೆ. ನಳಿಕೆಯ ಉದ್ದ ಎಂದರೆ ಕಣ್ಣಿಗೆ ಕಾಣುವ ಕೊಳವೆಯಲ್ಲ. ಮುಚ್ಚಿದ ಬೋಲ್ಟಿನ ಮುಖದಿಂದ ಮೂತಿಯವರೆಗೆ, ತೋಟಾ ಕೂರುವ ಚೇಂಬರ್ ಸೇರಿ. ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಎರಡು ಸಲ ನೋಡಿ, ಬೋಲ್ಟ್ ಮುಚ್ಚಿ, ಮೂತಿಯಿಂದ ತೆಳು ಮರದ ಕಡ್ಡಿ ಬಿಡಿ. ಬೋಲ್ಟಿಗೆ ತಾಗಿದಾಗ ಮೂತಿಯ ಮಟ್ಟಕ್ಕೆ ಕಡ್ಡಿಯ ಮೇಲೆ ಗೀರು ಹಾಕಿ, ಹೊರತೆಗೆದು ಅಳೆಯಿರಿ. ತಿರುಪಿನ ಬ್ರೇಕ್, ಸೈಲೆನ್ಸರ್ ಲೆಕ್ಕಕ್ಕೆ ಬರುವುದಿಲ್ಲ.

ಕೊಂಡ ರೈಫಲನ್ನು ಕತ್ತರಿಸಿ ಗಿಡ್ಡ ಮಾಡುವ ಯೋಚನೆ ಇದ್ದರೆ ಮೊದಲು ಕಾನೂನು ನೋಡಿ. ಬಹಳ ದೇಶಗಳಲ್ಲಿ ನಳಿಕೆಗೂ ಒಟ್ಟು ಉದ್ದಕ್ಕೂ ಕನಿಷ್ಠ ಮಿತಿ ಇದೆ, ಉದ್ದ ಬದಲಾದರೆ ಪರವಾನಗಿಯಲ್ಲಿ ನಮೂದು ತಿದ್ದಿಸಬೇಕಾಗಬಹುದು, ಕೆಲವೆಡೆ ಮತ್ತೆ ಒತ್ತಡ ಪರೀಕ್ಷೆಯೂ ಬೇಕು. ಕೆಲಸ ಪರವಾನಗಿ ಇರುವ ಕೋವಿ ಕೆಲಸಗಾರರದು, ಮನೆಯ ಗರಗಸದ್ದಲ್ಲ. ಕಾನೂನು ಮಿತಿಗೆ ಸರಿಯಾಗಿ ಕೂರಿಸಬೇಡಿ, ಅರ್ಧ ಇಂಚು ಮೇಲಿರಲಿ. ಮುಂದೆ ಮೂತಿಗೆ ಪೆಟ್ಟುಬಿದ್ದು ಹೊಸದಾಗಿ ಕ್ರೌನ್ (ಮೂತಿಯ ಅಂಚು) ತೆಗೆಯಬೇಕಾದರೆ ಒಂದೆರಡು ಮಿ.ಮೀ. ಹೋಗುತ್ತದೆ. 16ರ ಮಿತಿ ಇರುವ ಕಡೆ 16.5 ಮಾರಾಟಕ್ಕಿರುವುದು ಇದೇ ಲೆಕ್ಕದಿಂದ.

ಕ್ರೌನ್ ಎಂದರೆ ನಳಿಕೆಯೊಳಗಿನ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಮುಗಿಯುವ ಅಂಚು. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು. ಅಲ್ಲಿ ಒಂದು ಕಡೆ ಮುಕ್ಕು ಇದ್ದರೂ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ವಾಲಿಸುತ್ತದೆ. ಲೇತಿನಲ್ಲಿ ನಳಿಕೆಯ ಹೊರಮೈ ನಂಬಬಾರದು, ಒಳಕೊಳವೆಯನ್ನೇ ಕೇಂದ್ರ ಮಾಡಿ 11 ಡಿಗ್ರಿ ಅಥವಾ ಒಳಸರಿದ ಚಪ್ಪಟೆ ಕ್ರೌನ್ ತೆಗೆಯಬೇಕು. ಮುಗಿದ ಮೇಲೆ ಹತ್ತಿಯ ಚೂರನ್ನು ಅಂಚಿನ ಮೇಲೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಸಿಪ್ಪು ಉಳಿದಿದೆ ಎಂದರ್ಥ.

ತಿರುಪು ಹಾಕಿಸುವುದಾದರೆ ಮೂತಿಯ ದಪ್ಪ ನೋಡಿ. 15×1 ತಿರುಪಿಗೆ (15 ಮಿ.ಮೀ. ವ್ಯಾಸ, ಎಳೆಯಿಂದ ಎಳೆಗೆ 1 ಮಿ.ಮೀ.) ಮೂತಿ 17 ಮಿ.ಮೀ. ಇರಬೇಕು, 14×1ಕ್ಕೆ 16. ಇಲ್ಲದಿದ್ದರೆ ಸೈಲೆನ್ಸರ್ ಒರಗಿ ನಿಲ್ಲಲು ಹೆಗಲೇ ಸಿಗದೆ ವಾಲುತ್ತದೆ, ವಾಲಿದ ಸೈಲೆನ್ಸರಿನ ಒಳತಟ್ಟೆಗೆ ಗುಂಡು ಬಡಿಯುತ್ತದೆ. ತೆಳು ಬೇಟೆ ನಳಿಕೆಗಳು ತುದಿಯಲ್ಲಿ 15 ಮಿ.ಮೀ.ಗೆ ಇಳಿದಿರುತ್ತವೆ. ಗಿಡ್ಡ ಮಾಡಿದಾಗ ಮೂತಿ ದಪ್ಪವಾಗುವುದರಿಂದ ತಿರುಪಿಗೆ ಒಳ್ಳೆಯದೇ ಆಗುತ್ತದೆ. ತಿರುಪು ಹಾಕಿದ ಮೇಲೆ ನೆಟ್ಟಗಿನ ಅಳತೆ ಕಂಬಿಯನ್ನು ಕೊಳವೆಗೆ ಬಿಟ್ಟು, ಸೈಲೆನ್ಸರಿನ ತೂತಿನ ನಟ್ಟನಡುವೆ ಬರುತ್ತದೆಯೇ ಎಂದು ನೋಡದೆ ಮೊದಲ ಈಡು ಹೊಡೆಯಬೇಡಿ.

ಹೆಗಲಪಟ್ಟಿ

ಗಿಡ್ಡ ಮಾಡಿದರೆ ಹಗುರವಾಗುತ್ತದಲ್ಲ, ಅದೇ ದೊಡ್ಡ ಲಾಭ ಅಲ್ಲವೇ?

ಲೇತ್‌ಮನೆ

ಇಲ್ಲ. 15 ಮಿ.ಮೀ. ತುದಿಯ .308 ನಳಿಕೆಯಲ್ಲಿ ಒಂದು ಇಂಚು ಉಕ್ಕು ಕೇವಲ 26 ಗ್ರಾಂ. 22ರಿಂದ 18ಕ್ಕೆ ಇಳಿದರೆ 100 ಗ್ರಾಂ ಮೇಲಷ್ಟೆ. 20 ಮಿ.ಮೀ. ದಪ್ಪದ ನಳಿಕೆಯಾದರೆ ಇಂಚಿಗೆ 53 ಗ್ರಾಂ. ಹಗುರ ಬೇಕಿದ್ದವರು ನಳಿಕೆಯ ದಪ್ಪ, ಸ್ಟಾಕು, ಸ್ಕೋಪು ನೋಡಬೇಕು. ಅರ್ಧ ಕೆ.ಜಿ. ಸ್ಕೋಪಿನ ಬದಲು 350 ಗ್ರಾಂ ಸ್ಕೋಪು ಹಾಕಿದರೆ ಐದು ಇಂಚು ಕತ್ತರಿಸಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ.

ಕವೆಗೋಲು

ತೂಕಕ್ಕಿಂತ ಅದು ಎಲ್ಲಿ ಕೂತಿದೆ ಎಂಬುದು ದೊಡ್ಡದು. ಸ್ಕೋಪ್, ಹೆಗಲಪಟ್ಟಿ ಎಲ್ಲ ಹಾಕಿ, ಖಾಲಿ ಕೋವಿಯನ್ನು ಒಂದು ಬೆರಳಿನ ಮೇಲೆ ತೂಗಿ. ಮುಂದಿನ ಆಕ್ಷನ್ ಸ್ಕ್ರೂ (ಕೋವಿಯನ್ನು ಸ್ಟಾಕಿಗೆ ಬಿಗಿಯುವ ತಿರುಪು) ಹತ್ತಿರ ಅಥವಾ ಅದಕ್ಕಿಂತ ಒಂದೆರಡು ಬೆರಳು ಮುಂದೆ ಸಮ ನಿಂತರೆ ನಿಂತು ಹೊಡೆಯಲು ಚೆನ್ನ. 16 ಇಂಚಿನ ತೆಳು ನಳಿಕೆಗೆ ದೊಡ್ಡ ಸ್ಕೋಪ್ ಹಾಕಿದರೆ ತೂಕವೆಲ್ಲ ಹಿಂದಕ್ಕೆ ಸರಿದು ಮೂತಿ ಗಾಳಿಪಟದಂತೆ ಅಲೆಯುತ್ತದೆ. ಬೇಗ ಏರುತ್ತದೆ ನಿಜ, ನಿಲ್ಲುವುದಿಲ್ಲ. ಓಡುವ ಹಂದಿಯ ಮುಂದೆ ಹಿಡಿದು ತಿರುಗಿಸುವಾಗ ಕೈ ನಡುವಲ್ಲೇ ನಿಂತುಹೋಗುತ್ತದೆ. ಸೈಲೆನ್ಸರ್ ಹಾಕುವವರಿಗೆ ಈ ತೊಂದರೆ ಇಲ್ಲ, 350 ಗ್ರಾಂ ಮೂತಿಗೇ ಬಂದು ಕೂರುತ್ತದೆ. 22 ಇಂಚಿಗೆ ಅದೇ ಸೈಲೆನ್ಸರ್ ಹಾಕಿದರೆ ಮಾತ್ರ ಹಾರೆ ಹಿಡಿದ ಹಾಗೆ.

ಕೈಯ ಜಾಗವೂ ನೋಡಿಕೊಳ್ಳಿ. ಗಿಡ್ಡ ಕೋವಿಯಲ್ಲಿ ಮುಂಗೈಯಿಂದ ಮೂತಿಗೆ ಕೆಲವೇ ಇಂಚು. ಕವೆಗೋಲನ್ನೂ ಬೆರಳನ್ನೂ ಸೇರಿಸಿ ಹಿಡಿಯುವ ಅಭ್ಯಾಸವಿದ್ದವರು ಬೆರಳು ಮೂತಿಯ ಮುಂದೆ ಚಾಚುತ್ತಿಲ್ಲವೆಂದು ಪ್ರತಿ ಸಲ ನೋಡಬೇಕು. ಬಂಡೆ, ಬಿದ್ದ ಮರದ ಮೇಲೆ ಒರಗಿಸಿದಾಗ ಸ್ಕೋಪಿನಲ್ಲಿ ದಾರಿ ಬಯಲಾಗಿ ಕಂಡರೂ ನಳಿಕೆ ಅದಕ್ಕಿಂತ 4–5 ಸೆಂ.ಮೀ. ಕೆಳಗಿರುತ್ತದೆ. ಉದ್ದ ನಳಿಕೆ ಬಂಡೆಯನ್ನು ದಾಟಿ ಚಾಚುತ್ತದೆ, ಗಿಡ್ಡದ್ದು ಬಂಡೆಗೇ ಗುಂಡು ಹೊಡೆಯುತ್ತದೆ.

ಹೆಗಲಪಟ್ಟಿ

ಗಿಡ್ಡ ನಳಿಕೆಯಲ್ಲಿ ಗುರಿ ಕೆಡುತ್ತದೆ, ಒದೆತ ಜಾಸ್ತಿ, ಬೇಗ ಉರಿಯುವ ಮದ್ದು ಬೇಕು. ಈ ಮೂರು ಮಾತು ಎಲ್ಲ ಕಡೆ ಕೇಳುತ್ತೇನೆ. ನಿಜವೇ?

ಮದ್ದುಲೆಕ್ಕ

ಒಂದೊಂದಾಗಿ.

ಗುರಿ: ಕೆಡುವುದಿಲ್ಲ. ಒಂದೇ ದಪ್ಪದ ಕಂಬಿಯ ಬಿಗಿತ ಉದ್ದದ ಘನಕ್ಕೆ ವಿಲೋಮ. 24ರಿಂದ 20ಕ್ಕೆ ಬಂದರೆ 1.7 ಪಟ್ಟು ಬಿಗಿ. ಅದರಿಂದ ಗುಂಪು (ಗುರಿಹಲಗೆಯಲ್ಲಿ ಈಡುಗಳು ಬಿದ್ದ ಹರವು) ತಾನಾಗಿ ಚಿಕ್ಕದಾಗುತ್ತದೆ ಎಂದೇನಲ್ಲ, ದೊಡ್ಡದಾಗಲು ಮಾತ್ರ ಕಾರಣವಿಲ್ಲ. ಕತ್ತರಿಸಿದ ಮೇಲೆ ಗುಂಪು ಚದುರಿದರೆ ಕ್ರೌನ್ ನೋಡಿ. ಉದ್ದ ನಳಿಕೆ ಬೇಕಾಗಿದ್ದುದು ಕಬ್ಬಿಣದ ಗುರಿಮೊನೆಯ ಕಾಲಕ್ಕೆ, ಆಗ ಎರಡು ಮೊನೆಗಳ ನಡುವಿನ ದೂರವೇ ನಿಖರತೆ ಆಗಿತ್ತು. ಸ್ಕೋಪಿಗೆ ಆ ಲೆಕ್ಕವಿಲ್ಲ.

ಒದೆತ: .308, 150 ಗ್ರೇನ್. 24 ಇಂಚಿನ 3.4 ಕೆ.ಜಿ. ಕೋವಿಗೂ 16.5 ಇಂಚಿನ 3.2 ಕೆ.ಜಿ. ಕೋವಿಗೂ ಒದೆತದ ಶಕ್ತಿ ಎರಡೂ 21–22 ಜೂಲ್. ತೂಕ ಇಳಿದದ್ದನ್ನು ಗುಂಡಿನ ವೇಗ ಇಳಿದದ್ದು ಸರಿದೂಗಿಸಿತು. ಹೆಚ್ಚು ಒದೆಯಿತು ಅನ್ನಿಸುವುದು ಮುಖಕ್ಕೆ ಬಡಿಯುವ ಅಬ್ಬರದಿಂದ. ಆ ಅಬ್ಬರಕ್ಕೆ ಬೆದರಿ ಕುದುರೆ ಎಳೆಯುವಾಗ ಕಣ್ಣು ಮುಚ್ಚುವ ಚಾಳಿ ಹತ್ತುತ್ತದೆ. ಗಿಡ್ಡ ನಳಿಕೆಯಿಂದ ಗುರಿ ತಪ್ಪಿತು ಎನ್ನುವ ದೂರುಗಳ ಬೇರು ಬಹಳ ಸಲ ಇದೇ.

ಮದ್ದು: ಒಂದು ತೋಟಾಕ್ಕೆ 24 ಇಂಚಿನಲ್ಲಿ ಅತಿ ಹೆಚ್ಚು ವೇಗ ಕೊಡುವ ಮದ್ದೇ ಸಾಮಾನ್ಯವಾಗಿ 18 ಇಂಚಿನಲ್ಲೂ ಅತಿ ಹೆಚ್ಚು ಕೊಡುತ್ತದೆ. ಬೇಗ ಉರಿಯುವ ಮದ್ದು ಮೂತಿಯ ಬೆಂಕಿ ಕಡಿಮೆ ಮಾಡೀತು, ವೇಗ ಹೆಚ್ಚಿಸುವುದಿಲ್ಲ. ಮುಸ್ಸಂಜೆ ಬೇಟೆಯವರಿಗೆ ಬೆಂಕಿ ಕಡಿಮೆಯಾಗುವುದೂ ಸಣ್ಣ ಲಾಭವಲ್ಲ, ಕಣ್ಣು ಕತ್ತಲಾಗದೆ ಪ್ರಾಣಿ ಯಾವ ಕಡೆ ಹೋಯಿತೆಂದು ಕಾಣುತ್ತದೆ.

ಕೇಳದಿದ್ದರೂ ನಾಲ್ಕನೆಯದು, ಗೀರುಗಳ ಸುರುಳಿಯ ತಿರುವು, ಅಂದರೆ ಎಷ್ಟು ಇಂಚಿಗೆ ಒಂದು ಸುತ್ತು ಎಂಬುದು. 860ರಿಂದ 810ಕ್ಕೆ ಇಳಿದರೆ ಗುಂಡಿನ ಸ್ಥಿರತೆಯ ಅಂಕ ಸುಮಾರು 2 ಪ್ರತಿಶತ ಇಳಿಯುತ್ತದೆ. ಉದ್ದ ನಳಿಕೆಯಲ್ಲಿ ನೆಟ್ಟಗೆ ಹಾರುವ ಗುಂಡು ಗಿಡ್ಡದರಲ್ಲೂ ಹಾರುತ್ತದೆ. .308ನಲ್ಲಿ 12 ಇಂಚಿಗೆ ಒಂದು ಸುತ್ತಿನ ನಳಿಕೆಗೆ ಉದ್ದನೆಯ ತಾಮ್ರದ ಗುಂಡು ಹಾಕುವವರು ಮಾತ್ರ ಎಚ್ಚರ, 10ಕ್ಕೆ ಒಂದು ಸುತ್ತು ಇದ್ದರೆ ಚಿಂತೆಯಿಲ್ಲ.

ಗುರಿಗೆರೆ

ಒಂದು ಸೇರಿಸುತ್ತೇನೆ. ಒಂದೇ ಉದ್ದದ, ಒಂದೇ ತಯಾರಿಯ ಎರಡು ನಳಿಕೆಗಳ ನಡುವೆಯೇ ಸೆಕೆಂಡಿಗೆ 15 ಮೀಟರ್ ವ್ಯತ್ಯಾಸ ಸಿಗುವುದುಂಟು. ಅದು ಎರಡು ಇಂಚಿನ ಬೆಲೆ. 18ನ್ನೋ 20ನ್ನೋ ಎಂದು ವೇಗದ ಹೆಸರಲ್ಲಿ ಹೊಡೆದಾಡುವುದು ಅಷ್ಟಕ್ಕಷ್ಟೇ. ಕೋವಿ ಬಂದ ಮೇಲೆ ವೇಗಮಾಪಕದಲ್ಲಿ ನಿಮ್ಮ ತೋಟಾವನ್ನೇ ಹತ್ತು ಈಡು ಅಳೆದು ಸರಾಸರಿ ತೆಗೆಯಿರಿ, ಆ ಅಂಕಿಯಿಂದ ನಿಮ್ಮ ಕನಿಷ್ಠ ವೇಗದ ದೂರ ಕಂಡುಕೊಳ್ಳಿ. ಮೂರು ಈಡಿನ ಸರಾಸರಿ ಬೇಡ.

ಅಟ್ಟಣೆ

ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು: ಸೈಲೆನ್ಸರ್ ಇಲ್ಲದಿದ್ದರೆ .308ನಲ್ಲಿ 20ಕ್ಕಿಂತ ಕೆಳಗಿಳಿಯಬೇಡಿ. 16.5 ಇಂಚಿನ ಬರಿ ಮೂತಿಯ ಕೋವಿ ಕಾಗದದ ಮೇಲೆ ಚಂದ, ಮರೆಯೊಳಗೆ ಶಿಕ್ಷೆ.

ಕವೆಗೋಲು

20 ಎನ್ನುವುದು ಸ್ವಲ್ಪ ಹೆಚ್ಚೇ ಬಿಗಿಯಾಯಿತು, ಅಣ್ಣ. ಅಟ್ಟಣೆ ಏರದೆ ಬರೀ ನಡೆದು ಆಡುವವರಿಗೆ 18.5 ಬರಿಮೂತಿಯಲ್ಲೂ ತಡೆದುಕೊಳ್ಳಬಹುದು, ಕಿವಿಗೆ ರಕ್ಷಣೆ ಇದ್ದರೆ. 1983ರಲ್ಲಿ ಬಂದ ರೆಮಿಂಗ್‌ಟನ್ ಮಾಡೆಲ್ ಸೆವೆನ್ 18.5 ಇಂಚಿನದೇ. ಅದಕ್ಕೂ ಹಿಂದೆ ಮ್ಯಾನ್‌ಲಿಷರ್ ಶೋನವರ್ 1903ರ ಕಾರ್ಬೈನ್ 45 ಸೆಂ.ಮೀ. ನಳಿಕೆಯದು, ಅಂದರೆ 18 ಇಂಚಿಗೂ ಕಡಿಮೆ. ಅದು ಸಾಧ್ಯವಾದದ್ದು 6.5×54ರಂಥ ಸೌಮ್ಯ ತೋಟಾದಿಂದ. ಆದರೆ ಪೊದೆಹಾದಿ ಅವರು ಅಟ್ಟಣೆಯನ್ನೂ ಬಳಸುವುದರಿಂದ ಅವರ ಮಟ್ಟಿಗೆ ನಿಮ್ಮ ಮಾತಿಗೇ ಬರುತ್ತೇನೆ.

ಮದ್ದುಲೆಕ್ಕ

ಮ್ಯಾಗ್ನಮ್ ಮಾತು ಉಳಿದುಹೋಯಿತು. 7 ಎಂಎಂ ಮ್ಯಾಗ್ನಮ್ಮನ್ನು 24ರಿಂದ 18ಕ್ಕೆ ಇಳಿಸಿದರೆ 55ರಿಂದ 70 ಮೀಟರ್ ವೇಗ ಹೋಗುತ್ತದೆ. ಒಂದೂವರೆ ಪಟ್ಟು ಮದ್ದು ಉರಿಸಿ, ಒದೆತ ತಿಂದು, ಚಿಕ್ಕ 7 ಎಂಎಂ-08 ಕೊಡುವುದಕ್ಕಿಂತ ಸ್ವಲ್ಪವಷ್ಟೇ ಹೆಚ್ಚು ಸಿಗುತ್ತದೆ. ಉಳಿದ ಮದ್ದಿನ ಶಕ್ತಿ ಮೂತಿಯಾಚೆ ಬೆಂಕಿಯಾಗುತ್ತದೆ. ಗಿಡ್ಡ ಕೋವಿ ಬೇಕೆಂದರೆ ತೋಟಾ ಬದಲಿಸಿ, ಮ್ಯಾಗ್ನಮ್ ಬೇಕೆಂದರೆ 24 ಇಂಚು ಹೊತ್ತುಕೊಳ್ಳಿ.

ಹೆಗಲಪಟ್ಟಿ

ನಳಿಕೆ ಕತ್ತರಿಸದೆ ಕೋವಿ ಗಿಡ್ಡ ಮಾಡುವ ದಾರಿ ಇಲ್ಲವೇ?

ಲೇತ್‌ಮನೆ

ಇದೆ. ಮಡಚಿ ತುಂಬುವ ಒಂಟಿ ಈಡಿನ ರೈಫಲ್. ಅದಕ್ಕೆ ಹಿಂದೆಮುಂದೆ ಓಡುವ ಬೋಲ್ಟೇ ಇಲ್ಲ, ಆದ್ದರಿಂದ ಅದೇ ನಳಿಕೆಗೆ ಒಟ್ಟು ಉದ್ದ 10–12 ಸೆಂ.ಮೀ. ಕಡಿಮೆ. 22 ಇಂಚಿನ ನಳಿಕೆ ಇಟ್ಟುಕೊಂಡೂ ಒಂದು ಮೀಟರ್ ಒಳಗೆ ಬರಬಹುದು. ಎರಡನೇ ಈಡು ತಡವಾಗುತ್ತದೆ, ಹಂದಿ ಬೇಟೆಗೆ ಅದನ್ನು ಯೋಚಿಸಿ. ಶಾರ್ಟ್ ಆಕ್ಷನ್, ಲಾಂಗ್ ಆಕ್ಷನ್ (ಗಿಡ್ಡ ತೋಟಾದ, ಉದ್ದ ತೋಟಾದ ಬೋಲ್ಟ್ ಕಟ್ಟು) ನಡುವೆ ಉಳಿಯುವುದು ಒಂದು ಸೆಂ.ಮೀ. ಚಿಲ್ಲರೆ, ಅದಕ್ಕಾಗಿ ತೋಟಾ ಬದಲಿಸುವ ಅಗತ್ಯವಿಲ್ಲ.

ನಳಿಕೆಯ ಮೇಲೆ ಹಿಂದಕ್ಕೆ ಕವಿದುಕೊಳ್ಳುವ ಸೈಲೆನ್ಸರ್ ಇನ್ನೊಂದು ದಾರಿ. ಮೂತಿಯ ಮುಂದೆ ಚಾಚುವುದು 8–10 ಸೆಂ.ಮೀ. ಮಾತ್ರ. ಆದರೆ ನಳಿಕೆಯ ದಪ್ಪಕ್ಕೆ ಅದು ಹೊಂದಬೇಕು, ಸ್ಟಾಕಿನ ಮುಂತುದಿಗೆ ತಾಗಬಾರದು. ಒದ್ದೆಯಲ್ಲಿ ಬಳಸಿದ ದಿನ ಬಿಚ್ಚಿ ಒಣಗಿಸಲೇಬೇಕು, ಇಲ್ಲವೆಂದರೆ ನಳಿಕೆ ಅದರ ಕೆಳಗೇ ತುಕ್ಕು ಹಿಡಿಯುತ್ತದೆ.

ಪೊದೆಹಾದಿ

ಎಲ್ಲ ಕೂಡಿಸಿ ನೋಡಿದೆ. ಸೈಲೆನ್ಸರ್ ಹಾಕುವುದು ಗಟ್ಟಿ. ಅಟ್ಟಣೆಯ ಕಿಂಡಿ ಅಳೆದೆ: ಹಲಗೆ 4 ಸೆಂ.ಮೀ., ಸೈಲೆನ್ಸರ್ ಸೇರಿದರೆ 18 ಇಂಚಿನ ಮೂತಿ ಗೇಣಿಗಿಂತ ಹೆಚ್ಚು ಆಚೆ ಬರುತ್ತದೆ. ಒಟ್ಟು ಉದ್ದ 115 ಸೆಂ.ಮೀ. ಆಗುತ್ತದೆ, ಕವಿಯುವ ಮಾದರಿಯಾದರೆ 106. .308, ಚೂಪು ಮೂತಿಯ ತಾಮ್ರದ ಗುಂಡು, 250 ಮೀಟರ್ ಮಿತಿ. ಆರ್ಡರ್ ಕೊಡುವಾಗ ಏನೇನು ಬರೆಸಬೇಕು?

ಲೇತ್‌ಮನೆ

ಇಷ್ಟು ಬರೆಸಿ: ನಳಿಕೆ ಬೋಲ್ಟಿನ ಮುಖದಿಂದ 18 ಇಂಚು, ಅಂದರೆ 457 ಮಿ.ಮೀ. ಸುರುಳಿ 10 ಇಂಚಿಗೆ ಒಂದು ಸುತ್ತು. ಮೂತಿಯ ದಪ್ಪ 17 ಮಿ.ಮೀ.ಗೆ ಕಡಿಮೆಯಿಲ್ಲದಂತೆ, ತಿರುಪು 15×1, ಒಳಕೊಳವೆಗೆ ಕೇಂದ್ರ ಮಾಡಿದ್ದು, ಹೆಗಲು ಚೌಕಾಗಿ. ತಿರುಪಿಗೆ ಮುಚ್ಚಳ. ಕವಿಯುವ ಸೈಲೆನ್ಸರ್ ತೆಗೆದುಕೊಳ್ಳುವುದಾದರೆ ಅದರ ಹಿಂಬಳೆಯ ಒಳವ್ಯಾಸವನ್ನು ಮೊದಲೇ ಕೇಳಿ ನಳಿಕೆಯ ದಪ್ಪದ ಜೊತೆ ತಾಳೆ ನೋಡಿ, ಆಮೇಲೆ ಹಣ ಕೊಡಿ.

ಕೋವಿ ಬಂದ ದಿನ ಕಡ್ಡಿಯಿಂದ ಉದ್ದ, ಕಂಬಿಯಿಂದ ಸೈಲೆನ್ಸರಿನ ನೆಟ್ಟಗು, ಹತ್ತಿಯಿಂದ ಕ್ರೌನ್ ನೋಡಿಕೊಳ್ಳಿ. ಗುರಿ ಕೂಡಿಸುವುದು ಸೈಲೆನ್ಸರ್ ಹಾಕಿಕೊಂಡೇ. ಬಿಚ್ಚಿದಾಗ ಗುಂಡು ಬೀಳುವ ಜಾಗ ಸರಿಯುತ್ತದೆ, ಎಷ್ಟು ಸರಿಯಿತೆಂದು 100 ಮೀಟರಿನಲ್ಲಿ ಐದು ಈಡು ಹೊಡೆದು ಸ್ಟಾಕಿನ ಒಳಗೆ ಚೀಟಿ ಅಂಟಿಸಿ.

ಅಟ್ಟಣೆ

ಸೈಲೆನ್ಸರ್ ಹಾಕಿದರೂ ಕಿವಿಗೆ ರಕ್ಷಣೆ ಬಿಡಬೇಡಿ. ಅದು ಇಳಿಸುವುದು 25–30 ಡೆಸಿಬೆಲ್, ಗುಂಡು ಶಬ್ದದ ವೇಗ ಮೀರಿ ಹೋಗುವಾಗಿನ ಚಟೀರ್ ಸದ್ದು ಹಾಗೇ ಇರುತ್ತದೆ.

ಕವೆಗೋಲು

ಗಿಡ್ಡ ಕೋವಿಯನ್ನು ಮೂತಿ ಕೆಳಗೆ ಮಾಡಿ ಹೆಗಲಿಗೆ ಹಾಕಿಕೊಳ್ಳುವವರು ಕೂರುವಾಗ ಏಳುವಾಗ ನೆಲಕ್ಕೆ ತಾಗುವುದನ್ನು ನೋಡಿಕೊಳ್ಳಿ. ಕೆಸರು ಹೊಕ್ಕ ನಳಿಕೆ ಸೀಳುತ್ತದೆ. ಸೈಲೆನ್ಸರ್ ಇಲ್ಲದ ದಿನ ಬರಿಮೂತಿಗೆ ಒಂದೇ ಪದರ ವಿದ್ಯುತ್ ಟೇಪ್ ಅಂಟಿಸಿದರೆ ಮಳೆಯೂ ಹುಲ್ಲೂ ಒಳಹೋಗುವುದಿಲ್ಲ. ಗುಂಡಿಗಿಂತ ಮೊದಲು ನುಗ್ಗುವ ಗಾಳಿಯೇ ಅದನ್ನು ಹರಿದುಹಾಕುತ್ತದೆ, ಗುರಿ ಬದಲಾಗುವುದಿಲ್ಲ. ಸೈಲೆನ್ಸರಿನ ಬಾಯಿಗೆ ಮಾತ್ರ ಅದರ ತಯಾರಕರು ಒಪ್ಪಿದ ಮುಚ್ಚಳವನ್ನೇ ಹಾಕಿ.